ಎರಡನೆಯ ಅರ್ಜಿಯ ಊರುಗಳು

ಹುಬ್ಬಳ್ಳಿಯ ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿಯು ರಾಣೆಬೆನ್ನೂರನ್ನು ಬಿಟ್ಟ ಮೇಲೆ ಚಳಗೇರಿ, ಕುಮಾರಪಟ್ಟಣ ಎಂಬ ಎರಡು ಚಿಕ್ಕ ನಿಲ್ದಾಣಗಳನ್ನು ದಾಟಿ ತುಂಗಭದ್ರೆಯ ಸೇತುವೆಯನ್ನು ಏರುತ್ತದೆ. ಕುಮಾರಪಟ್ಟಣದ ಕಾರ್ಖಾನೆಯ ವಾಸನೆ ಮೂಗಿಗೆ ಬಡಿದೊಡನೆಯೇ, ಈ ದಾರಿಯಲ್ಲಿ ಓಡಾಡಿ ಬಲ್ಲವರು ಮೇಲಿನ ಚೀಲಗಳನ್ನು ಕೆಳಗಿಳಿಸತೊಡಗುತ್ತಾರೆ. ಹರಿಹರ ಬಂದಿತೆಂಬುದಕ್ಕೆ ಅದಕ್ಕಿಂತ ಬೇರೆ ಫಲಕ ಬೇಕಾಗುವುದಿಲ್ಲ. ಗಾಡಿಯ ಕಿಟಕಿಯಿಂದ ನದಿಯನ್ನು ನೋಡುವವರಿಗೆ ಇಲ್ಲೊಂದು ಗಡಿಯಿದ್ದಿತೆಂಬ ನೆನಪು ಈಗ ಉಳಿದಿಲ್ಲ. 1956ರವರೆಗೆ ಆಚೆಯ ದಡವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಈಚೆಯ ದಡವು ಮೈಸೂರು ಸೀಮೆ. ಈಗ ಆಚೆಯದು ಹಾವೇರಿ ಜಿಲ್ಲೆ, ಈಚೆಯದು ದಾವಣಗೆರೆ ಜಿಲ್ಲೆ. ಎರಡೂ ಹುಟ್ಟಿದ್ದು 1997ರಲ್ಲಿ. ದಡಗಳ ಹೆಸರು ಎಷ್ಟು ಸಲ ಬದಲಾದರೂ ಆಚೆಯ ಹಳ್ಳಿಗಳ ಜನರಿಗೆ ಸಂತೆ, ಆಸ್ಪತ್ರೆ, ಕಾಲೇಜು ಎಂದರೆ ಕಾಲು ತಾನಾಗಿ ಈಚೆಯ ದಡಕ್ಕೇ ತಿರುಗುತ್ತದೆ.

ಹರಿಹರದಲ್ಲಿ ಇಳಿದವರು ಹರಿಹರೇಶ್ವರನನ್ನು ನೋಡದೆ ಹೋಗುವುದಿಲ್ಲ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಗುಡಿಯಿದು. ಗರ್ಭಗುಡಿಯಲ್ಲಿ ನಿಂತ ವಿಗ್ರಹವು ಅರ್ಧ ಶಿವ, ಅರ್ಧ ವಿಷ್ಣು. ಒಂದೇ ನಮಸ್ಕಾರಕ್ಕೆ ಇಬ್ಬರು ದೇವರು. ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಮಕ್ಕಳನ್ನು ಮುಂದಿಟ್ಟುಕೊಂಡು ಬರುವ ತಾಯಿಯರಿಗೆ ಇದಕ್ಕಿಂತ ಅನುಕೂಲವಾದ ಸನ್ನಿಧಿ ಇನ್ನಾವುದು? ಸ್ಥಳಪುರಾಣವೂ ಈ ಮಾತಿಗೆ ಒಪ್ಪುವಂಥದೇ. ಗುಹಾಸುರನೆಂಬ ರಾಕ್ಷಸನು, ಹರಿಯಿಂದಲೂ ಹರನಿಂದಲೂ ತನಗೆ ಸಾವು ಬಾರದಂತೆ ಬ್ರಹ್ಮನಿಂದ ವರ ಪಡೆದಿದ್ದನಂತೆ. ಎರಡು ಕಡೆಯೂ ಭದ್ರಪಡಿಸಿಕೊಂಡೆನೆಂದು ನಿಶ್ಚಿಂತನಾಗಿದ್ದವನು, ಇಬ್ಬರೂ ಒಂದೇ ರೂಪು ತಾಳಿ ಎದುರಿಗೆ ಬಂದಾರೆಂಬುದನ್ನು ಮಾತ್ರ ಎಣಿಸಿರಲಿಲ್ಲ.

ಊರಿನ ಇನ್ನೊಂದು ಗುಡಿಯೆಂದರೆ ಕಿರ್ಲೋಸ್ಕರ್ ಕಾರ್ಖಾನೆ. ಅಥವಾ ಒಂದು ಕಾಲಕ್ಕೆ ಹಾಗಿದ್ದಿತು. 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಂಪನಿಯ ಲೇತ್ ಯಂತ್ರಗಳು ದೇಶದ ಮೂಲೆಮೂಲೆಗೂ ಹೋದವು. ಮೂರು ಪಾಳಿಯ ಸೈರನ್ನಿಗೆ ಮನೆಗಳ ಗಡಿಯಾರವನ್ನು ಹೊಂದಿಸಿಕೊಂಡ ಊರು ಇದು. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿತು. ಯಂತ್ರದ ಮುಂದೆ ನಿಂತು ಬದುಕು ಕಟ್ಟಿದ ತಂದೆಯರು, ತಮ್ಮ ಮಕ್ಕಳಾದರೂ ಮುಚ್ಚಿಹೋಗದ ಯಾವುದಾದರೊಂದು ಕಸುಬನ್ನು ಕಲಿಯಲಿ ಎಂದು ಹಾರೈಸಿದ್ದು ಸಹಜ. ಮುಚ್ಚದ ಕಸುಬುಗಳಲ್ಲಿ ಮೊದಲನೆಯದು ವೈದ್ಯವೃತ್ತಿ. ಆ ಹಾರೈಕೆಗೆ ಹದಿನಾಲ್ಕು ಕಿಲೋಮೀಟರು ದೂರದಲ್ಲಿಯೇ ಒಂದು ಊರಿದ್ದಿತು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದ ಕಾಲವೊಂದಿತ್ತು. ಹತ್ತಿಯ ಗಿರಣಿಗಳು ಒಂದೊಂದಾಗಿ ನಿಂತವು. ಹೆಸರು ಹಳೆಯವರ ಬಾಯಲ್ಲಿ ಉಳಿಯಿತು. ಮಂಡಕ್ಕಿ ಭಟ್ಟಿಗಳ ಹೊಗೆ ಇನ್ನೂ ಏಳುತ್ತಿದೆ. ಸಂಜೆಯಾದರೆ ಮಂಡಕ್ಕಿ–ಮೆಣಸಿನಕಾಯಿ, ಬೆಳಗಾದರೆ ಬೆಣ್ಣೆದೋಸೆ; ಈ ಎರಡರ ವಿಷಯದಲ್ಲಿ ದಾವಣಗೆರೆಯವರು ಯಾವ ರಾಜಿಗೂ ಸಿದ್ಧರಿಲ್ಲ. ಆದರೆ ಜಯದೇವ ವೃತ್ತವನ್ನು ದಾಟಿ ವಿದ್ಯಾನಗರದ ಕಡೆಗೆ, ಇಲ್ಲವೆ ಎಂ.ಸಿ.ಸಿ. ಬಡಾವಣೆಗಳ ಕಡೆಗೆ ನಡೆದರೆ ಈಗಿನ ಊರಿನ ನಿಜವಾದ ಗಿರಣಿಗಳು ಯಾವುವೆಂಬುದು ತಿಳಿಯುತ್ತದೆ. ಕಾಲೇಜುಗಳು, ಕಾಲೇಜಿಗೆ ಸೇರಿಸುವ ಪರೀಕ್ಷೆಗಳಿಗೆ ಸಿದ್ಧಪಡಿಸುವ ಕೇಂದ್ರಗಳು, ಆ ಕೇಂದ್ರಗಳಿಗೆ ಬಂದವರಿಗೆ ಊಟ ಹಾಕುವ ಮನೆಗಳು, ಅವರ ಬಟ್ಟೆ ಒಗೆಯುವ, ಪುಸ್ತಕ ಮಾರುವ, ನಕಲು ತೆಗೆದುಕೊಡುವ ಅಂಗಡಿಗಳು. ಬೆಳಿಗ್ಗೆ ಆರು ಗಂಟೆಗೇ ಬೆನ್ನಿಗೆ ಚೀಲ ಹಾಕಿಕೊಂಡ ಮಕ್ಕಳು ರಸ್ತೆಯನ್ನು ತುಂಬಿಕೊಳ್ಳುತ್ತಾರೆ. ಗಿರಣಿಯ ಮೊದಲ ಪಾಳಿಯ ಆಳುಗಳು ಹೊರಡುತ್ತಿದ್ದುದೂ ಹೆಚ್ಚುಕಡಮೆ ಇದೇ ಹೊತ್ತಿಗೆ.

ಈ ವಿದ್ಯೆಯ ಊರನ್ನು ಕಟ್ಟಿದವರು ಬಹುಮಟ್ಟಿಗೆ ವ್ಯಾಪಾರಿಗಳು ಮತ್ತು ಮಠಗಳ ಭಕ್ತರು. 1951ರಲ್ಲಿಯೇ ಇಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಅದಕ್ಕೆ ನೆರವಾದ ವರ್ತಕ ಕುಟುಂಬದವರ ಹೆಸರಿನ ಮೊದಲ ಅಕ್ಷರಗಳಾದ ಬಿ.ಡಿ.ಟಿ. ಎಂಬುದು ಇಂದಿಗೂ ಅದರ ಹೆಸರಿನಲ್ಲಿದೆ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು. 1965ರಲ್ಲಿ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಕಾಲೇಜು, ಅಂದರೆ ಜನರ ಬಾಯಲ್ಲಿ ಜೆ.ಜೆ.ಎಂ., ಆರಂಭವಾಯಿತು. ಅದಕ್ಕೆ ಮುಂಚೆ ಈ ಭಾಗದ ಹುಡುಗನು ಡಾಕ್ಟರಾಗಬೇಕಾದರೆ 1924ರಲ್ಲಿ ಆರಂಭವಾದ ಮೈಸೂರು ಮೆಡಿಕಲ್ ಕಾಲೇಜಿಗೋ, 1957ರ ಅನಂತರ ಹುಬ್ಬಳ್ಳಿಗೋ ಟ್ರಂಕು ಹೊತ್ತು ಹೊರಡಬೇಕಾಗಿದ್ದಿತು. ನಮ್ಮೂರ ಮಕ್ಕಳು ನಮ್ಮೂರಲ್ಲೇ ಓದಲಿ ಎಂಬ ಹಂಬಲವೇ ಈ ಕಟ್ಟಡಗಳ ಅಸ್ತಿವಾರ. 2006ರಲ್ಲಿ ಹೆದ್ದಾರಿಯ ಬದಿಗೆ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಸೇರಿ, ಒಂದೇ ಊರಿನಲ್ಲಿ ಎರಡು ವೈದ್ಯಕೀಯ ಕಾಲೇಜುಗಳಾದವು. ಎರಡರಲ್ಲೂ ಸೇರಿ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಮಕ್ಕಳು ವೈದ್ಯಶಿಕ್ಷಣಕ್ಕೆ ಕಾಲಿಡುತ್ತಾರೆ.

ಆ ಕಾಲದಲ್ಲಿ ‘ಫಾರಿನ್ನಿಗೆ ಹೋದ’ ಎಂದರೆ ಅದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. ಇಲ್ಲಿ ಪದವಿ ಮುಗಿಸಿ, ಚಿನ್ನದ ಪದಕ ಪಡೆದು, ವಿದ್ಯಾರ್ಥಿವೇತನ ದೊರಕಿದವನು ಇಂಗ್ಲೆಂಡಿಗೋ ಅಮೆರಿಕಕ್ಕೋ ಹೋಗುತ್ತಿದ್ದನು. ಬೀಳ್ಕೊಡಲು ಇಡೀ ಕೇರಿಯೇ ನಿಲ್ದಾಣಕ್ಕೆ ಬರುತ್ತಿದ್ದಿತು. ಹಾರ, ತುರಾಯಿ, ಒಂದು ಭಾವಚಿತ್ರ. ಅದೇ ಪರದೇಶವು, ಇಲ್ಲಿ ಸೀಟು ದೊರೆಯದವನ ಆಸರೆಯಾಗಿ ಮಾರ್ಪಟ್ಟಿರುವುದು ಒಂದೆರಡು ತಲೆಮಾರಿನೊಳಗೆ ನಡೆದ ಕಥೆ.

ಕಥೆಯ ಮೂಲ ಹಣದಲ್ಲಿದೆ. ಖಾಸಗಿ ಕಾಲೇಜುಗಳು ಸೀಟಿಗೆ ವಂತಿಗೆ ವಸೂಲುಮಾಡುವುದನ್ನು ತಡೆಯಲು ಕರ್ನಾಟಕ ಸರ್ಕಾರವು 1984ರಲ್ಲಿ ಕಾಯಿದೆಯನ್ನೇ ತಂದಿತು. 1994ರಲ್ಲಿ ಸಿ.ಇ.ಟಿ. ಬಂದಿತು, ಅಂಕ ಬಂದ ಬಡವನ ಮಗನೂ ಖಾಸಗಿ ಕಾಲೇಜಿನಲ್ಲಿ ಸರ್ಕಾರದ ಪಾಲಿನ ಸೀಟನ್ನು ಹಿಡಿಯಬಹುದಾಯಿತು. ಅನಂತರ ಅಖಿಲ ಭಾರತದ ನೀಟ್ ಪರೀಕ್ಷೆ. 2017ರಿಂದ ಅದನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಇಷ್ಟೆಲ್ಲ ಆದರೂ ಸೀಟಿನ ಲೆಕ್ಕ ಮಾತ್ರ ಹಗುರವಾಗಿಲ್ಲ. 2024ರಲ್ಲಿ ನೀಟ್ ಬರೆದವರು ಇಪ್ಪತ್ತಮೂರು ಲಕ್ಷಕ್ಕೂ ಹೆಚ್ಚು, ‘ಅರ್ಹರು’ ಎನಿಸಿಕೊಂಡವರು ಹದಿಮೂರು ಲಕ್ಷ, ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷವನ್ನು ಸ್ವಲ್ಪ ಮೀರಿದಷ್ಟು. ಅರ್ಹತೆ ಬೇರೆ, ಸೀಟು ಬೇರೆ ಎಂಬ ಮಾತನ್ನು ಮೊದಲ ಸಲ ಕೇಳುವ ತಂದೆಯ ಮುಖವನ್ನು ನೋಡಲಾಗದು. ಮಗ ಪಾಸಾಗಿದ್ದಾನೆ, ಆದರೂ ಅವನಿಗೆ ಸ್ಥಳವಿಲ್ಲ! ಇರುವ ಸ್ಥಳಗಳಲ್ಲಿ ಕೊನೆಯಲ್ಲಿ ಉಳಿಯುವವು ಖಾಸಗಿ ಪಾಲಿನವು. ಅವುಗಳ ಶುಲ್ಕ ವರ್ಷಕ್ಕೆ ಹತ್ತು ಲಕ್ಷವನ್ನು ದಾಟುತ್ತದೆ, ಆಡಳಿತ ಮಂಡಳಿಯ ಪಾಲಿನದು ಅದಕ್ಕೂ ಎಷ್ಟೋ ಮೇಲೆ. ಮಾಸ್ತರಿಕೆಯ ಸಂಬಳದಲ್ಲೋ ಮೆಕ್ಕೆಜೋಳದ ಹೊಲದಲ್ಲೋ ಆ ಹಣ ಬೆಳೆಯುವುದಿಲ್ಲ.

ಹೀಗೆ ಹೊರಗೆ ಉಳಿದ ಲಕ್ಷಾಂತರ ‘ಅರ್ಹ’ರಿಗಾಗಿಯೇ ಎರಡನೆಯ ಅರ್ಜಿ ಹುಟ್ಟಿತು.

ಜೂನ್ ತಿಂಗಳಲ್ಲಿ ಹರಿಹರದಿಂದ ದಾವಣಗೆರೆಗೆ ಹೊರಟ ಯಾವ ಬಸ್ಸಿನಲ್ಲಿ ಕುಳಿತರೂ ಇದರ ಮಾತು ಕಿವಿಗೆ ಬೀಳದೆ ಇರದು. ಹಿಂದಿನ ಆಸನದಲ್ಲಿ ಒಬ್ಬ ಹಿರಿಯರು ಕೇಳುತ್ತಾರೆ: “ಏನಪ್ಪಾ ತಮ್ಮಾ, ಸೀಟು ಆಗ್ಲಿಲ್ಲಂದ್ರೆ ಏನ್ ಮಾಡ್ತೀಯ?” ಹುಡುಗ ಕಿಟಕಿಯ ಕಡೆಗೆ ನೋಡುತ್ತಲೇ ಉತ್ತರಿಸುತ್ತಾನೆ: “ಹೊರಗಿಂದೂ ಒಂದು ಹಾಕಿಟ್ಟೀವಿ ಮಾಮ.” ಹೊರಗಿನದು ಎಂದರೆ ಎಲ್ಲಿಯದು? ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ್, ಕಜಾಕಸ್ತಾನ್, ಫಿಲಿಪ್ಪೀನ್ಸ್. ಕೆಲವು ವರ್ಷಗಳ ಹಿಂದಾದರೆ ಚೀನಾ ಮತ್ತು ಉಕ್ರೇನ್. ಭೂಪಟದಲ್ಲಿ ಈ ದೇಶಗಳನ್ನು ಬೆರಳಿಟ್ಟು ತೋರಿಸಲಾರದ ಮನೆಗಳಲ್ಲಿ ಅವುಗಳ ವಾರ್ಷಿಕ ಶುಲ್ಕ ಎಲ್ಲರಿಗೂ ಬಾಯಿಪಾಠ.

ಅರ್ಜಿ ತುಂಬಿಕೊಡುವ ಸಲಹಾ ಕೇಂದ್ರಗಳ ಗೋಡೆಯ ಮೇಲೆ ಹಿಮ ಬಿದ್ದ ಕಟ್ಟಡಗಳ ಚಿತ್ರವಿರುತ್ತದೆ, ಬಿಳಿಯ ಕೋಟು ತೊಟ್ಟು ನಗುವ ನಮ್ಮವರ ಮಕ್ಕಳ ಚಿತ್ರವಿರುತ್ತದೆ. ತಂದೆತಾಯಿಗಳು ಅಲ್ಲಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು: ಒಟ್ಟು ಎಷ್ಟಾಗುತ್ತದೆ? ನಮ್ಮ ಊಟ ಸಿಗುತ್ತದೆಯೆ? ನಮ್ಮ ಕಡೆಯ ಹುಡುಗರು ಯಾರಾದರೂ ಇದ್ದಾರೆಯೆ? ತಾಯಿಯ ಕರುಳು ಕೇಳುವ ಪ್ರಶ್ನೆಗಳು, ತಪ್ಪೆನ್ನುವಂತಿಲ್ಲ. ಉಕ್ರೇನಿನಂಥ ದೇಶದಲ್ಲಿ ಆರು ವರ್ಷಕ್ಕೆ, ಊಟ–ವಸತಿಯೂ ಸೇರಿ, ಇಪ್ಪತ್ತರಿಂದ ಮೂವತ್ತೈದು ಲಕ್ಷದೊಳಗೆ ಮುಗಿಯುತ್ತದೆಂದು ಕೇಳಿದಾಗ, ಹೊಲದ ಒಂದು ತುಂಡನ್ನು ಮಾರಿದರೆ ಸಾಕು, ಎರಡನ್ನು ಮಾರಬೇಕಾಗಿಲ್ಲ ಎಂಬ ಸಮಾಧಾನ ತಂದೆಯ ಮುಖದಲ್ಲಿ ಮೂಡುತ್ತದೆ.

ಕೇಳದೆ ಬಿಟ್ಟ ಪ್ರಶ್ನೆಗಳೇ ಮುಂದೆ ದೊಡ್ಡವಾಗುವಂಥವು. ಹೋಗುವ ದಾರಿಯನ್ನು ಎಲ್ಲರೂ ವಿಚಾರಿಸುತ್ತಾರೆ, ಮರಳುವ ದಾರಿಯನ್ನು ವಿಚಾರಿಸುವವರು ವಿರಳ. 2018ರಿಂದ ಹೊರದೇಶದ ವೈದ್ಯಶಿಕ್ಷಣಕ್ಕೂ ನೀಟ್‌ನಲ್ಲಿ ಅರ್ಹತೆ ಬೇಕೆಂದು ನಿಯಮವಾಯಿತು; ಆದ್ದರಿಂದ ನೀಟ್ ತಪ್ಪಿದವನಿಗೆ ಪರದೇಶವೂ ಆಸರೆಯಲ್ಲ. 2021ರ ನವೆಂಬರಿನ ನಿಯಮಗಳು ಇನ್ನೂ ಬಿಗಿ: ಓದಿನ ಅವಧಿ ಕಡೆಯ ಪಕ್ಷ 54 ತಿಂಗಳಿರಬೇಕು, ಪಾಠ ಇಂಗ್ಲಿಷಿನಲ್ಲಿ ನಡೆಯಬೇಕು, ಅದೇ ಸಂಸ್ಥೆಯಲ್ಲಿ ಹನ್ನೆರಡು ತಿಂಗಳು ಆಸ್ಪತ್ರೆಯ ತರಬೇತಿ ಆಗಬೇಕು, ಆ ದೇಶದಲ್ಲಿಯೇ ವೈದ್ಯನಾಗಲು ಅಲ್ಲಿನ ಪ್ರಜೆಗೆ ಸಮನಾದ ಪರವಾನಗಿ ದೊರೆಯುವಂತಿರಬೇಕು, ಎಲ್ಲವೂ ಹತ್ತು ವರ್ಷದೊಳಗೆ ಮುಗಿಯಬೇಕು, ತಾಯ್ನಾಡಿಗೆ ಬಂದ ಮೇಲೆ ಇಲ್ಲಿಯೂ ಹನ್ನೆರಡು ತಿಂಗಳ ತರಬೇತಿ. ಇವುಗಳ ನಡುವೆ, 2002ರಿಂದ ನಡೆಯುತ್ತಿರುವ ಪರೀಕ್ಷೆಯೊಂದು ಬಾಗಿಲಲ್ಲಿ ನಿಂತಿದೆ. ಮುನ್ನೂರು ಅಂಕಗಳಿಗೆ ನೂರೈವತ್ತು ಬಂದರೆ ತೇರ್ಗಡೆ. ಕೇಳಲು ಸುಲಭ, ಆದರೆ ಬಹಳ ವರ್ಷಗಳ ಫಲಿತಾಂಶವನ್ನು ನೋಡಿದರೆ, ಬರೆದ ಮೂವರಲ್ಲಿ ಒಬ್ಬರಷ್ಟೂ ದಾಟಿದ್ದಿಲ್ಲ. ದಾಟದವನ ಕೈಯಲ್ಲಿ ಪದವಿಯಿರುತ್ತದೆ, ಹೆಸರಿನ ಹಿಂದೆ ‘ಡಾ’ ಹಾಕಿಕೊಳ್ಳುವ ಹಕ್ಕು ಇರುವುದಿಲ್ಲ. ಅವನು ಕೆಲವೊಮ್ಮೆ ಕೋಚಿಂಗಿಗೆಂದು ಮತ್ತೊಂದು ಊರಿನ ಕೋಣೆ ಹಿಡಿಯುತ್ತಾನೆ. ಹಬ್ಬಕ್ಕೆ ಮನೆಗೆ ಬಂದರೆ ಓಣಿಯವರು ಅಭಿಮಾನದಿಂದ ‘ಡಾಕ್ಟ್ರೇ’ ಎಂದು ಕರೆಯುತ್ತಾರೆ. ಅದಕ್ಕೆ ಓಗೊಡಬೇಕೋ ಬೇಡವೋ ಎಂದು ಅವನಿಗೆ ತಿಳಿಯುವುದಿಲ್ಲ.

ಇಂಜಿನಿಯರಿಂಗಿನವರ ಪಾಡು ಇಷ್ಟು ಕಠಿಣವಲ್ಲ. ಅವರಿಗೆ ಇಲ್ಲಿಯೇ ಸೀಟುಗಳು ಧಾರಾಳ. ಹೊರಗಿನ ಅರ್ಜಿ ಬಹುಪಾಲು ಮುಂದಿನ ಪದವಿಗೆ. ಹೊಸಬರು ಈಚೆಗೆ ಜರ್ಮನಿಯ ಹೆಸರು ಹೇಳುತ್ತಾರೆ. ಅಲ್ಲಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾಶುಲ್ಕವಿಲ್ಲವೆಂಬುದು ನಿಜ. ಆದರೆ ವರ್ಷದ ಜೀವನವೆಚ್ಚವನ್ನು ಮೊದಲೇ ಒಂದು ಖಾತೆಯಲ್ಲಿ ಕಟ್ಟಿಟ್ಟು ತೋರಿಸಬೇಕು, ಭಾಷೆಯನ್ನೂ ಕಲಿಯಬೇಕು. ತಪ್ಪಿದರೂ ಅವರ ನಷ್ಟ ಒಂದೆರಡು ವರ್ಷದ್ದು. ವೈದ್ಯನಾಗಹೊರಟವನು ಪಣಕ್ಕಿಡುವುದು ತನ್ನ ಹದಿನೆಂಟರಿಂದ ಇಪ್ಪತ್ತೈದರವರೆಗಿನ ಇಡೀ ಪ್ರಾಯವನ್ನು.

ಇಷ್ಟು ದೂರ ಬಂದ ಮೇಲೆ, ಗಾಡಿಯು ಮೊದಲಿಗೆ ದಾಟಿಬಂದ ಚಳಗೇರಿಗೆ ಹಿಂದಿರುಗಬೇಕು. ರಾಣೆಬೆನ್ನೂರು ತಾಲ್ಲೂಕಿನ ಊರು. ದಾವಣಗೆರೆಯ ಎರಡು ವೈದ್ಯಕೀಯ ಕಾಲೇಜುಗಳಿಗೆ ಅಲ್ಲಿಂದ ಮೂವತ್ತು ಕಿಲೋಮೀಟರಿನ ಆಸುಪಾಸು. ಆ ಊರಿನ ನವೀನ್ ಗ್ಯಾನಗೌಡರ್ ಎಂಬ ತರುಣನು ಉಕ್ರೇನಿನ ಖಾರ್ಕಿವ್ ನಗರದ ರಾಷ್ಟ್ರೀಯ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ನಾಲ್ಕನೆಯ ವರ್ಷದ ವಿದ್ಯಾರ್ಥಿಯಾಗಿದ್ದನು. ಪಿ.ಯು.ಸಿ.ಯಲ್ಲಿ ನೂರಕ್ಕೆ 97 ಅಂಕ ಬಂದರೂ ಮಗನಿಗೆ ಇಲ್ಲಿ ಸೀಟು ದೊರೆಯಲಿಲ್ಲವೆಂದೂ, ಕೋಟಿಗಟ್ಟಲೆ ಹಣ ಕೊಡಲಾಗದೆ ಅಲ್ಲಿಗೆ ಕಳುಹಿಸಬೇಕಾಯಿತೆಂದೂ ಅವನ ತಂದೆ ಅನಂತರ ಪತ್ರಿಕೆಯವರ ಮುಂದೆ ಹೇಳಿಕೊಂಡರು. 2022ರ ಫೆಬ್ರವರಿ 24ರಂದು ಯುದ್ಧ ಆರಂಭವಾಯಿತು. ಮಕ್ಕಳು ನೆಲಮಾಳಿಗೆಗಳಲ್ಲಿ ಅಡಗಿ ಕುಳಿತರು. ಮಾರ್ಚ್ 1ರ ಬೆಳಿಗ್ಗೆ, ಆಹಾರದ ಸಾಮಾನಿಗೆಂದು ಹೊರಗೆ ಬಂದು ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದ ನವೀನನು ಶೆಲ್ ದಾಳಿಗೆ ಸಿಕ್ಕಿ ಪ್ರಾಣಬಿಟ್ಟನು. ವಯಸ್ಸು ಇಪ್ಪತ್ತೊಂದು.

ಆ ದಿನಗಳಲ್ಲಿ ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಹೊರದೇಶದಲ್ಲಿ ಮಕ್ಕಳಿದ್ದ ಮನೆಗಳಲ್ಲಿ ಮೊಬೈಲನ್ನು ಕೈಯಿಂದ ಕೆಳಗಿಟ್ಟವರಿಲ್ಲ. ಪೋಲೆಂಡ್, ಹಂಗೆರಿ, ರುಮೇನಿಯಾ, ಸ್ಲೊವಾಕಿಯಾಗಳ ಗಡಿಗಳತ್ತ ಮಕ್ಕಳು ರೈಲು ಹಿಡಿದು, ರೈಲಿಲ್ಲದೆಡೆ ಹಿಮದಲ್ಲಿ ನಡೆದು ಹೋದರು. ಭಾರತ ಸರ್ಕಾರವು ‘ಆಪರೇಷನ್ ಗಂಗಾ’ ಎಂಬ ಹೆಸರಿನಲ್ಲಿ ವಿಮಾನಗಳನ್ನು ಕಳುಹಿಸಿತು. ಒಟ್ಟಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಭಾರತೀಯರು ಮರಳಿದರು. ಬದುಕಿ ಬಂದರೆ ಸಾಕೆಂದು ಹರಕೆ ಹೊತ್ತಿದ್ದ ಮನೆಗಳಲ್ಲಿ ಹದಿನೈದು ದಿನ ಕಳೆಯುವುದರೊಳಗೆ ಮುಂದಿನ ಚಿಂತೆ ತಲೆಯೆತ್ತಿತು: ಓದು ಏನಾಗಬೇಕು? ಎರಡನೆಯ ಅರ್ಜಿಯೂ ಮುರಿದುಬಿದ್ದರೆ ಮೂರನೆಯದನ್ನು ಯಾರಿಗೆ ಬರೆಯುವುದು? ಕೆಲವರು ಮೊಬೈಲಿನಲ್ಲಿಯೇ ಪಾಠ ಕೇಳಿದರು. ಕೆಲವರು ಬೇರೆ ದೇಶಗಳ ವಿಶ್ವವಿದ್ಯಾಲಯಗಳಿಗೆ ವರ್ಗವಾದರು. ಯುದ್ಧದ ನಡುವೆಯೇ ಹಿಂದಿರುಗಿ ಹೋದವರೂ ಉಂಟು. ಇಲ್ಲಿಯ ಕಾಲೇಜುಗಳು ಅವರನ್ನು ಸೇರಿಸಿಕೊಳ್ಳಲು ನಿಯಮ ಒಪ್ಪಲಿಲ್ಲ. ಕೊನೆಯ ಹಂತದಲ್ಲಿದ್ದವರಿಗೆ ಮಾತ್ರ, ಸರ್ವೋಚ್ಚ ನ್ಯಾಯಾಲಯದ ಮುಂದೆ ಪ್ರಶ್ನೆ ಬಂದ ಮೇಲೆ, 2023ರ ಮಾರ್ಚಿನಲ್ಲಿ ಒಂದು ಸಲಕ್ಕೆಂದು ಇಲ್ಲಿಯೇ ಅಂತಿಮ ಪರೀಕ್ಷೆ ಬರೆಯುವ ಅವಕಾಶ ದೊರೆಯಿತು.

ಆ ವರ್ಷವೂ, ಅದರ ಮರುವರ್ಷವೂ ಸಲಹಾ ಕೇಂದ್ರಗಳ ಬಾಗಿಲು ಮುಚ್ಚಲಿಲ್ಲ. ಗೋಡೆಯ ಮೇಲಿನ ಒಂದು ದೇಶದ ಚಿತ್ರ ಹೋಗಿ ಇನ್ನೊಂದು ದೇಶದ ಚಿತ್ರ ಬಂದಿತು. ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಯುದ್ಧವು ಸೀಟಿನ ಲೆಕ್ಕವನ್ನು ಬದಲಿಸಲಿಲ್ಲವಷ್ಟೆ. ಆದರೆ ಕೆಲವು ತಂದೆಯರ ಪ್ರಶ್ನೆಗಳು ಬದಲಾಗಿವೆ. ಆ ಕಾಲೇಜಿನಿಂದ ಬಂದವರಲ್ಲಿ ಎಷ್ಟು ಜನ ಇಲ್ಲಿಯ ಪರೀಕ್ಷೆ ಪಾಸಾಗಿದ್ದಾರೆ, ಪಾಠ ಯಾವ ಭಾಷೆಯಲ್ಲಿ, ಕಟ್ಟಿದ ಹಣದಲ್ಲಿ ಎಷ್ಟು ಹಿಂದಕ್ಕೆ ಬರುತ್ತದೆ ಎಂದು ಚೀಟಿಯಲ್ಲಿ ಬರೆದುಕೊಂಡು ಬಂದು ಕೇಳುವವರಿದ್ದಾರೆ. ಇನ್ನು ಕೆಲವರು ದಂತವೈದ್ಯ, ನರ್ಸಿಂಗ್, ಕೃಷಿವಿಜ್ಞಾನ, ಪಶುವೈದ್ಯದ ಅರ್ಜಿಗಳನ್ನು ಎರಡನೆಯವಾಗಿಟ್ಟು, ಹೊರದೇಶವನ್ನು ಎಲ್ಲಕ್ಕಿಂತ ಕೆಳಗೆ ಬರೆಯುತ್ತಾರೆ. ಫಲಿತಾಂಶ ಬಂದ ವಾರದಲ್ಲಿ, ಕಣ್ಣೀರಿನ ನಡುವೆ, ಯಾರೋ ಹೇಳಿದರೆಂದು ಮುಂಗಡ ಕಟ್ಟಿ ಬರುವವರ ಸಂಖ್ಯೆಯೂ ಕಡಮೆಯೇನಲ್ಲ. ಮೊದಲನೆಯ ಅರ್ಜಿಗೆ ಎರಡು ವರ್ಷ ಸಿದ್ಧತೆ ನಡೆಸುವ ಮನೆ ಎರಡನೆಯದಕ್ಕೆ ಎರಡು ದಿನವನ್ನೂ ಕೊಡುವುದಿಲ್ಲ. ಮಗು ಕೊನೆಗೆ ಹೋಗಿ ಸೇರುವುದು ಎಷ್ಟೋ ಸಲ ಆ ಎರಡನೆಯದಕ್ಕೇ.

ನವೀನನ ದೇಹ ಊರು ಸೇರಲು ಇಪ್ಪತ್ತು ದಿನ ಹಿಡಿಯಿತು. 2022ರ ಮಾರ್ಚ್ 21ರ ಬೆಳಗಿನ ಜಾವ ಬೆಂಗಳೂರಿಗೆ ಬಂದು, ಅಲ್ಲಿಂದ ಹೆದ್ದಾರಿಯಲ್ಲಿ ದಾವಣಗೆರೆ, ಹರಿಹರಗಳನ್ನು ಹಾದು, ತುಂಗಭದ್ರೆಯನ್ನು ದಾಟಿ ಚಳಗೇರಿಯನ್ನು ಸೇರಿತು. ಮನೆಯಲ್ಲಿ ಪೂಜಾವಿಧಿಗಳು ನಡೆದವು. ಸುತ್ತಣ ಊರುಗಳ ಜನ ಸಾಲುಗಟ್ಟಿ ಬಂದು ನೋಡಿದರು. ಮಣ್ಣುಮಾಡುವುದು ಬೇಡ, ವೈದ್ಯವಿದ್ಯೆ ಕಲಿಯುವವರಿಗೆ ನೆರವಾಗಲಿ ಎಂದು ಮನೆಯವರು ಮೊದಲೇ ನಿಶ್ಚಯಿಸಿದ್ದರು. ಅದೇ ದಿನ ದೇಹವು ಬಂದ ದಾರಿಯಲ್ಲಿಯೇ ಹಿಂದಿರುಗಿ, ಮತ್ತೆ ನದಿಯನ್ನು ದಾಟಿ, ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜನ್ನು ಸೇರಿತು.

ಎಂ.ಬಿ.ಬಿ.ಎಸ್. ತರಗತಿಗೆ ಹೊಸದಾಗಿ ಸೇರಿದವರ ಮೊದಲ ಪಾಠಗಳಲ್ಲೊಂದು ಅಂಗರಚನಾಶಾಸ್ತ್ರ. ಬಿಳಿಯ ಕೋಟು ಇನ್ನೂ ಮೈಗೆ ಹೊಂದದ ಹುಡುಗ ಹುಡುಗಿಯರು ದೇಹವಿರಿಸಿದ ಮೇಜಿನ ಸುತ್ತ ಮೌನವಾಗಿ ನಿಲ್ಲುತ್ತಾರೆ. ಅದು ಯಾರದೆಂದು ಅವರಿಗೆ ಹೇಳುವ ವಾಡಿಕೆಯಿಲ್ಲ.

ಅದೇ 2022ರಲ್ಲಿ ಹಾವೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಚಳಗೇರಿಯ ನಿಲ್ದಾಣದಲ್ಲಿ ನಿಂತವರಿಗೆ ಅತ್ತ ಹೋಗುವುದಕ್ಕೂ ಇದೇ ರೈಲುದಾರಿ. ಗಾಡಿ ಮಾತ್ರ ದಾವಣಗೆರೆಯ ಕಡೆಯಿಂದ ಬರಬೇಕು.